ಅಕ್ಕನ ನಗುವೂ ನನ್ನ ನಡುಗುವ ಕೈಯೂ

ನನ್ನ ಅಕ್ಕನಿಗೆ ಒಂದು ಫೋಟೊ ಬೇಕಿತ್ತು. ಬಾಯಿ ತುಂಬ ನಗುತ್ತಿರುವ ಫೋಟೊ. ಹಲ್ಲು ಕಾಣಬೇಕು, ಒಸಡು ಕಂಡರೂ ಪರವಾಗಿಲ್ಲ. ಅದೂ ಮುಂದಿನ ಸೋಮವಾರದೊಳಗೆ.

ಇದೇನು ಮಹಾ ಅಂತೀರಾ? ಈಗ ಯಾರ ಕೈಯಲ್ಲಿ ಫೋನಿಲ್ಲ? ಯಾವ ಫೋನಿನಲ್ಲಿ ಕ್ಯಾಮೆರಾ ಇಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ.

ಸೋಮವಾರವೇ ಯಾಕೆಂದರೆ, ಮಂಗಳವಾರ ಅವಳಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಆಪರೇಷನ್. ಎಡಗೆನ್ನೆಯ ಒಳಗೆ ಒಂದು ಹುಣ್ಣು ಎದ್ದಿತ್ತು. ಮುಲಾಮು ಹಚ್ಚಿದರೂ, ಖಾರ ಬಿಟ್ಟರೂ ಮಾಯಲಿಲ್ಲ. ಚೂರು ತೆಗೆದು ಟೆಸ್ಟ್‌ಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ತಮ್ಮ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತರು. (ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರೆ ಮುಂದಿನ ಮಾತು ಏನೆಂದು ಬಿಡಿಸಿ ಹೇಳಬೇಕೆ?)

ಕ್ಯಾನ್ಸರ್. ಆದರೆ ಬೇಗ ಸಿಕ್ಕಿದೆ, ತೆಗೆದರೆ ವಾಸಿಯಾಗುವ ಭರವಸೆ ಚೆನ್ನಾಗಿಯೇ ಇದೆ ಎಂದರು. ಕೆನ್ನೆಯ ಒಂದಿಷ್ಟು ಭಾಗ, ದವಡೆಯ ಅಂಚು, ಕೆಲವು ಹಲ್ಲು ಹೋಗುತ್ತವೆ. ತೊಡೆಯಿಂದ ಮಾಂಸ, ಚರ್ಮ ತಂದು ಆ ಜಾಗಕ್ಕೆ ಹೊಲಿಯುತ್ತಾರೆ. ಬಾಯಿ ಮೊದಲಿನಷ್ಟು ಅಗಲ ತೆರೆಯಲಿಕ್ಕಿಲ್ಲ.

ಭಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನೇ ನೋಡುತ್ತ ಕೂತೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

“ಸಾರ್, ಸೀಟಿ ಊದಾಕಾಗ್ತೈತಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ನನ್ನ ಅಕ್ಕ, ಗಂಗಕ್ಕ, ಸರ್ಕಾರಿ ಬಸ್ಸಿನ ಕಂಡಕ್ಟರ್. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ನಡುವೆ ಓಡಾಡುವವರಿಗೆ ಅವಳ ಮುಖ ನೆನಪಿಲ್ಲದಿದ್ದರೂ ದನಿ ನೆನಪಿರುತ್ತದೆ. “ಒಳಕ್ಕೆ ನಡೀರಿ, ಬಾಗ್ಲಾಗೆ ಏನು ತೋರಣ ಕಟ್ಟೀರಾ?” ಎಂದು ಅವಳು ಕೂಗಿದರೆ ಕಾಲೇಜು ಹುಡುಗರು ಮರುಮಾತಿಲ್ಲದೆ ಹಿಂದಕ್ಕೆ ಸರಿಯುತ್ತಾರೆ. ಭಾವನದು ಹೊಳಲ್ಕೆರೆಯಲ್ಲಿ ಹಿಟ್ಟಿನ ಗಿರಣಿ. ಗಿರಣಿಯ ಸದ್ದಿಗೂ ಅಕ್ಕನ ಸದ್ದಿಗೂ ಆ ಮನೆಯಲ್ಲಿ ಯಾವಾಗಲೂ ಪೈಪೋಟಿ. ಗೆಲ್ಲುವವಳು ಅಕ್ಕನೇ.

ಬೆಳಗಿನ ಮೊದಲ ಟ್ರಿಪ್ಪಿಗೆ ನಿದ್ದೆ ಬಾರದಿರಲಿ ಎಂದು ಶುರುವಾದ ಎಲೆ ಅಡಿಕೆ, ಅದರ ಜೊತೆಗೆ ಕಡ್ಡಿಪುಡಿ ಹೊಗೆಸೊಪ್ಪು. (ಉಪದೇಶ ಮಾಡುವುದಿಲ್ಲ. ಬಾಯಲ್ಲಿ ಮಾಯದ ಹುಣ್ಣಿದ್ದರೆ ಪತ್ರಿಕೆ ಕೆಳಗಿಟ್ಟು ಮೊದಲು ತೋರಿಸಿಕೊಂಡು ಬನ್ನಿ. ಅಂಕಣ ಎಲ್ಲಿಗೂ ಓಡಿಹೋಗುವುದಿಲ್ಲ.)

ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

“ಲೇ ಶಾರಿ, ನಾನು ನಕ್ಕಿರೋ ಫೋಟೊ ಒಂದೂ ಇಲ್ಲ ಕಣೇ.”

“ಇಲ್ದೇ ಏನಕ್ಕ? ನನ್ನ ಮದ್ವೆ ಆಲ್ಬಮ್ ತುಂಬ ನೀನೇ ಇದೀಯ.”

“ಅದ್ರಾಗೆಲ್ಲ ತುಟಿ ಬಿಗ್ದಿದೀನಿ. ಹೋಗಿ ನೋಡು ಬೇಕಾದ್ರೆ.”

ಮನೆಗೆ ಬಂದು ನೋಡಿದೆ. ನಿಜ. ನನ್ನ ಮದುವೆ, ಅವಳ ಮದುವೆ, ಗೃಹಪ್ರವೇಶ, ನೆಂಟರ ಮನೆಯ ನಾಮಕರಣ. ಎಲ್ಲದರಲ್ಲೂ ಅಕ್ಕ ಇದ್ದಾಳೆ, ಎಲ್ಲದರಲ್ಲೂ ಬಾಯಿ ಹೊಲಿದಂತಿದೆ. ಅವಳ ಮುಂದಿನ ಹಲ್ಲು ಸ್ವಲ್ಪ ಉಬ್ಬು. ಕ್ಯಾಮೆರಾ ಕಂಡಕೂಡಲೇ ಅಮ್ಮ ಪಕ್ಕದಿಂದ ಸನ್ನೆ ಮಾಡುತ್ತಿದ್ದಳು: ತುಟಿ ಮುಚ್ಚು. ಅಮ್ಮ ತೀರಿಕೊಂಡ ಮೇಲೂ ಆ ಸನ್ನೆ ನಿಂತಿರಲಿಲ್ಲ. ಫೋಟೊದ ಚೌಕಟ್ಟಿನ ಹೊರಗೆ ಎಲ್ಲೋ ನಿಂತು ಅಮ್ಮ ಇನ್ನೂ ಹೇಳುತ್ತಲೇ ಇದ್ದಳು. ಬಸ್ಸಿನ ತುಂಬ ಕೇಳುವಂತೆ ನಗುವ ಹೆಂಗಸು, ಫೋಟೊದಲ್ಲಿ ಮಾತ್ರ ಶೋಕಸಭೆಗೆ ಬಂದವಳ ಹಾಗೆ!

ಹಾಗಾಗಿ ನಾನೇ ತೆಗೆಯುತ್ತೇನೆ ಎಂದೆ. ನನ್ನ ಕ್ಯಾಮೆರಾ ಹುಚ್ಚು ನಿಮಗೆ ಹೊಸದಲ್ಲ. ಜೋಗಿಮಟ್ಟಿ ಕಾಡಿನ ನವಿಲಿನ ಹಿಂದೆ ಅಲೆದು ಬಾಲ ಮಾತ್ರ ಸಿಕ್ಕಿದ ಕತೆ ಇದೇ ಜಾಗದಲ್ಲಿ ಓದಿದ್ದೀರಿ. ಹೈಸ್ಕೂಲು ವಿಜ್ಞಾನದ ಮೇಡಂ ಭಾನುವಾರ ಬಂದರೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವುದು ನಮ್ಮ ಬೀದಿಗೂ ಅಭ್ಯಾಸವಾಗಿದೆ.

ಅಕ್ಕ ಷರತ್ತು ಹಾಕಿದಳು. ಹೊರಗಿನವರು ಯಾರೂ ಬೇಡ. ಫ್ಲ್ಯಾಶ್ ಬೇಡ. (“ತಿಂಗ್ಳಿಂದ ಬಾಯಾಗೆ ಬರೀ ಬ್ಯಾಟ್ರಿ ಬಿಡಿಸ್ಕಂಡು ಸಾಕಾಗೈತೆ.”) ಟ್ರೈಪಾಡ್ ಅಂತೂ ಬೇಡವೇ ಬೇಡ. “ಅದರ ಮುಂದೆ ನಿಂತ್ರೆ ಎಕ್ಸ್‌ರೇ ತೆಗೆಸ್ದಂಗಾಗ್ತೈತೆ. ನೀನು ಸುಮ್ನೆ ಕೈಯಾಗೆ ಹಿಡ್ಕಂಡು ತೆಗಿ.”

ಸರಿ. ಕೈಯಾಗೇ ಹಿಡಿದುಕೊಂಡೆ.

ಬುಧವಾರ ಸಂಜೆ ಹೊಳಲ್ಕೆರೆಯ ಅವಳ ಅಡುಗೆಮನೆ. ಅಲ್ಲಿ ಬೆಳಕು ಕಡಿಮೆ, ಆದರೆ ಅಕ್ಕ ಸಲೀಸಾಗಿ ನಗುವುದು ಅಲ್ಲೇ. ಅವಳು ಕಟ್ಟೆಗೆ ಒರಗಿ ಡಿಪೋದ ಒಂದು ಜಗಳದ ಕತೆ ಶುರುಮಾಡಿದಳು. ಕತೆ ಏರಿತು, ಅವಳು ನಕ್ಕಳು, ನಾನು ಪಟಪಟ ಒತ್ತಿದೆ. ಪರದೆಯಲ್ಲಿ ನೋಡಿದರೆ ಒಂದರಲ್ಲಿ ಅಕ್ಕನಿಗೆ ಎರಡು ಮೂಗು. ಇನ್ನೊಂದರಲ್ಲಿ ಹಲ್ಲುಗಳೆಲ್ಲ ಸೇರಿ ಒಂದು ಬಿಳಿ ಗೆರೆ. ಮತ್ತೊಂದರಲ್ಲಿ ಅಕ್ಕನೇ ಹೊಗೆ.

ಕಾರಣ ಸರಳ. ಅವಳು ನಕ್ಕರೆ ನಾನು ನಗುತ್ತೇನೆ. ನಾನು ನಕ್ಕರೆ ಕ್ಯಾಮೆರಾ ನಗುತ್ತದೆ.

ಅಷ್ಟೇ ಆಗಿದ್ದರೆ ಸರಿಪಡಿಸಬಹುದಿತ್ತು. ನಗುವಿನ ನಡುವೆಯೇ, ಇದನ್ನು ಯಾಕೆ ತೆಗೆಯುತ್ತಿದ್ದೇನೆ ಎನ್ನುವುದು ನೆನಪಾಗುತ್ತಿತ್ತು. ಆಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಅದುರು. ಮತ್ತೆ ಪ್ರಯತ್ನಿಸಿದೆ. ಮತ್ತೆ ಹೊಗೆ.

ಅಕ್ಕ ಕ್ಯಾಮೆರಾ ಇಸಿದುಕೊಂಡು ನೋಡಿದಳು. “ಇದೇನೇ ಇದು, ಗುಂಡಿ ಬಿದ್ದಿರೋ ರೋಡ್ನಾಗೆ ಬಸ್ಸಿಂದ ತೆಗ್ದಂಗೈತೆ!” ಎಂದು ಮತ್ತೆ ನಕ್ಕಳು. ಆಮೇಲೆ ನನ್ನ ಕೈ ನೋಡಿದಳು. ಒಲೆಯ ಕಡೆ ತಿರುಗಿ, “ಮಂಡಕ್ಕಿ ಕಲಸ್ತೀನಿ, ತಿಂದ್ಕಂಡ್ ಹೋಗು” ಎಂದಳು.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿ ಮುನೀರ್ ಇದ್ದಾನೆ. ಪಿಯುಸಿಯಲ್ಲಿ ನನ್ನ ಕ್ಲಾಸ್‌ಮೇಟ್. ತಾತನ ಕಾಲದಿಂದ ಅವರದು ಫೋಟೊ ಸ್ಟುಡಿಯೋ. ಈಗ ಪಾಸ್‌ಪೋರ್ಟ್ ಸೈಜ್ ಫೋಟೊ, ಕಪ್ಪಿನ ಮೇಲೆ ಗಂಡ ಹೆಂಡತಿ ಚಿತ್ರ, ಮೊಬೈಲ್ ಕವರ್ ಎಲ್ಲ ಮಾರುತ್ತಾನೆ. ಆದರೂ ಒಳಗಿನ ಕೋಣೆಯಲ್ಲಿ ಬೆಟ್ಟ, ಕೆರೆ, ಎರಡು ಹಂಸ ಬರೆದ ಹಳೇ ಪರದೆ ಹಾಗೇ ತೂಗುತ್ತಿದೆ.

“ಮುನೀರ್, ಫೋಟೊ ಎಲ್ಲ ಶೇಕ್ ಆಗ್ತಾ ಇವೆ. ಏನಾದ್ರೂ ಹೇಳ್ಕೊಡು.”

“ಏನ್ ಮೇಡಮ್ಮಾರೆ, ಈ ಸಲ ನವಿಲಿನ ತಲೆ ತೆಗೀಬೇಕಾ?” ಎಂದ. (ನಮ್ಮ ಅಂಕಣದ ಓದುಗ!) ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿದ.

ಡ್ರಾಯರಿನಿಂದ ಒಂದು ಕೀಚೈನ್ ತೆಗೆದ. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದಲ್ಲ, ಆ ಲೈಟು. ಅದನ್ನು ರಬ್ಬರ್ ಬ್ಯಾಂಡ್ ಹಾಕಿ ನನ್ನ ಕ್ಯಾಮೆರಾಕ್ಕೆ ಬಿಗಿದ. “ಆ ಹಂಸದ ಕಣ್ಣಿಗೆ ಇಡು. ಅಲ್ಲಾಡ್ಬಾರ್ದು.”

ಇಟ್ಟೆ. ಕೆಂಪು ಚುಕ್ಕೆ ಹಂಸದ ಮೈಮೇಲೆ ಇರುವೆ ಓಡಾಡಿದಂತೆ ಓಡಾಡಿತು. ನನ್ನ ನಡುಕವನ್ನು ನಾನೇ ಕಣ್ಣಾರೆ ಕಂಡದ್ದು ಅದೇ ಮೊದಲು. ಅದೂ ಪರದೆಯ ಮೇಲೆ, ಬಣ್ಣದಲ್ಲಿ!

ಮುನೀರ್ ಒಂದೊಂದಾಗಿ ತಿದ್ದಿದ. ಕಾಲು ಜೋಡಿಸಿ ನಿಂತಿದ್ದೆ, ಬಿಡಿಸಿ ನಿಲ್ಲಿಸಿದ, ಎಡಗಾಲು ಸ್ವಲ್ಪ ಮುಂದೆ. ಮಂಡಿ ಬಿಗಿ ಬೇಡ ಎಂದ. ನನ್ನ ಮೊಣಕೈಗಳು ಕೋಳಿ ರೆಕ್ಕೆಯ ಹಾಗೆ ಅಗಲಿದ್ದವು, ಪಕ್ಕೆಗೆ ಒತ್ತಿಸಿದ. ಎಡಗೈ ಲೆನ್ಸಿನ ಕೆಳಗೆ, ಅಂಗೈಯಲ್ಲಿ ಬಟ್ಟಲು ಹಿಡಿದ ಹಾಗೆ. ಕ್ಯಾಮೆರಾ ಹುಬ್ಬಿಗೆ ತಾಗಿರಬೇಕು. ಬೆನ್ನಿಗೋ ಭುಜಕ್ಕೋ ಗೋಡೆ ಸಿಕ್ಕರೆ ನಾಚಿಕೆಯಿಲ್ಲದೆ ಒರಗಿಕೊಳ್ಳಬೇಕು. “ಗೋಡೆಗೆ ಒರಗೋದು ಅವಮಾನ ಅಲ್ಲಮ್ಮ. ಅದು ಇರೋದೇ ಅದಕ್ಕೆ.”

ಚುಕ್ಕೆಯ ಓಟ ನಿಂತಿತು. ಆದರೂ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ತೂಗುತ್ತಲೇ ಇತ್ತು.

“ಈಗ ಅಲ್ಲಾಡ್ತಿರೋದು ಕೈಯಲ್ಲ. ಉಸ್ರು.”

ಉಸಿರು ಬಿಗಿಹಿಡಿದೆ. ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ? ಚುಕ್ಕೆ ಒಂದು ಗಳಿಗೆ ನಿಂತಿತು. ಮರುಗಳಿಗೆ ಎದೆಬಡಿತ ಕೊರಳಿಗೆ ಬಂದು ಚುಕ್ಕೆ ಮೊದಲಿಗಿಂತ ಜೋರಾಗಿ ನಡುಗಿತು.

“ಹಿಡೀಬೇಡ, ಬಿಡು,” ಎಂದ ಮುನೀರ್. “ಒಳಕ್ಕೆ ತಗ. ಆಮೇಲೆ ನಿಧಾನಕ್ಕೆ ಬಿಡ್ತಾ ಹೋಗು. ಕೊನೇಗೆ ಒಂದು ಜಾಗ ಬರ್ತೈತೆ. ಬಿಟ್ಟಾಗಿರ್ತೈತೆ, ಇನ್ನೂ ತಗಂಡಿರಲ್ಲ. ಅಲ್ಲಿ ಮೈಯೆಲ್ಲ ಸುಮ್ನಿರ್ತೈತೆ. ಅಲ್ಲಿ ಒತ್ತು. ಚುಚ್ಬೇಡ, ಮೆತ್ತಗೆ ಒತ್ತು. ಒಂದ್ರ ಹಿಂದೆ ಒಂದು ಎರಡು ಮೂರು ತಗಂಬಿಡು. ಮೊದಲ್ನೇದು ಬೆರಳಿನ ಅದುರಿಗೆ ಹೋಗ್ತೈತೆ, ಆಮೇಲಿಂದು ಉಳೀತೈತೆ.”

ಅವನು ಹೇಳಿದ ಹಾಗೆ ಮಾಡಿದೆ. ಉಸಿರು ಬಿಡುತ್ತಾ ಹೋದಂತೆ ಚುಕ್ಕೆ ಇಳಿಯುತ್ತ ಬಂದು ಹಂಸದ ಕಣ್ಣಿನಲ್ಲಿ ಕೂತಿತು. ಅಲ್ಲೇ ಕೂತಿತ್ತು. ಎಷ್ಟು ಸಣ್ಣ ಸಂಗತಿ!

“ಯಾರ ಫೋಟೊ?” ಎಂದು ಕೇಳಿದ ಅವನು.

ಹೇಳಿದೆ. ಅವನಿಗೆ ಅಕ್ಕ ಗೊತ್ತು. ಪಿಯುಸಿ ದಿನಗಳಲ್ಲಿ ನನಗೆ ಊಟದ ಡಬ್ಬಿ ತಂದುಕೊಡುತ್ತಿದ್ದವಳು, ಅವನಿಗೂ ಒಂದು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದವಳು. ಕ್ಯಾಮೆರಾಕ್ಕೆ ಬಿಗಿದಿದ್ದ ರಬ್ಬರ್ ಬ್ಯಾಂಡ್ ಬಿಚ್ಚುತ್ತ ಕೇಳಿದ.

“ನಾನು ಬರ್ಲಾ?”

“ಹೊರಗಿನವ್ರು ಬೇಡ ಅಂದಿದಾಳೆ.”

“ಹಂಗಾದ್ರೆ ಒಂದು ಮಾತು ಕೇಳು. ಅಳಾದೇನಿದ್ರೂ ಇಲ್ಲೇ ಮುಗಿಸ್ಕಂಡ್ ಹೋಗು. ಅಳು ಒಳಗಿಟ್ಕಂಡು ಉಸ್ರು ಬಿಡಾಕಾಗಲ್ಲ.”

ಹಾಗೆ ಹೇಳಿ ಹೊರಗಿನ ಅಂಗಡಿಗೆ ಹೋಗಿ, ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕೂತ. ನಾನು ಬೆಟ್ಟ, ಕೆರೆ, ಹಂಸಗಳ ಮುಂದೆ ಸ್ಟೂಲಿನ ಮೇಲೆ ಕೂತು ಅತ್ತೆ. ರಿಪೋರ್ಟ್ ಬಂದ ದಿನದಿಂದ ಅತ್ತಿರಲಿಲ್ಲ. ಅಕ್ಕನ ಮುಂದೆ ಅಳಬಾರದು, ಭಾವನ ಮುಂದೆ ಅಳಬಾರದು, ಸ್ಕೂಲಿನಲ್ಲಿ ಅಳಬಾರದು. ಎಲ್ಲ ಕಡೆ ಬಿಗಿಹಿಡಿದು ಬಿಗಿಹಿಡಿದು, ಕೊನೆಗೆ ಕ್ಯಾಮೆರಾದಲ್ಲಿ ಸೋರುತ್ತಿತ್ತು.

ಯೋಚಿಸಿ ನೋಡಿ. ನಾವು ಎಲ್ಲೆಲ್ಲಿ ಉಸಿರು ಹಿಡಿದು ನಿಲ್ಲುತ್ತೇವೆ? ಮಕ್ಕಳ ರಿಸಲ್ಟ್ ಬರುವಾಗ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡಾಗ. ಲ್ಯಾಬಿನ ಕಿಟಕಿಯ ಮುಂದೆ. ಬಿಗಿಹಿಡಿದರೆ ಗಟ್ಟಿಯಾಗುತ್ತೇವೆ ಎಂದು ಯಾರು ಹೇಳಿಕೊಟ್ಟರೋ!

ಭಾನುವಾರ ಇಡೀ ದಿನ ಅಭ್ಯಾಸ. ಉಪ್ಪಿನಕಾಯಿ ಜಾಡಿಯ ಫೋಟೊ, ಗಡಿಯಾರದ ಫೋಟೊ, ಕಿಟಕಿಯಲ್ಲಿ ಕೂತ ಬೆಕ್ಕಿನ ಫೋಟೊ. ನಡುಮನೆಯ ಗೋಡೆಗೆ ಒರಗಿ ಉಸಿರು ಬಿಡುತ್ತಿದ್ದ ನನ್ನನ್ನು ನನ್ನ ಯಜಮಾನರು ನೋಡಿ, “ಯಾಕೆ, ಗೋಡೆ ಬೀಳ್ತೈತಾ? ಹಿಡ್ಕಂಡ್ ನಿಂತಿದೀಯ” ಎಂದರು.

ಸಂಜೆಗೆ ಅಕ್ಕ, ಭಾವ ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಸೋಮವಾರ ಮಧ್ಯಾಹ್ನ ದುರ್ಗದಿಂದಲೇ ದಾವಣಗೆರೆಗೆ ಹೊರಡುವುದೆಂದು ಮಾತಾಗಿತ್ತು. ಅಕ್ಕನ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಣ್ಣದ ಗುಂಡುಗಳು. ನಳಿಕೆ ಬಾಯಿಗಿಟ್ಟು ಉಸಿರು ಎಳೆದರೆ ಗುಂಡು ಮೇಲೇರುತ್ತವೆ. ಆಪರೇಷನ್ನಿಗೆ ಮುಂಚೆ ಶ್ವಾಸಕೋಶ ಗಟ್ಟಿ ಮಾಡಿಕೊಳ್ಳಲಿ ಎಂದು ಕೊಟ್ಟದ್ದು. ಅವಳು ಒಂದು ಮೂಲೆಯಲ್ಲಿ ಉಸಿರು ಎಳೆಯುವುದು, ನಾನು ಇನ್ನೊಂದು ಮೂಲೆಯಲ್ಲಿ ಉಸಿರು ಬಿಡುವುದು. “ಇದು ಮನೆಯೋ ಕಮ್ಮಾರನ ತಿದಿಯೋ?” ಎಂದು ಯಜಮಾನರು ಟಿವಿ ಸೌಂಡ್ ಜೋರು ಮಾಡಿದರು.

ಸೋಮವಾರ ಬೆಳಿಗ್ಗೆ ಅಕ್ಕ, “ಆಸ್ಪತ್ರೆ ವಾಸ್ನೆ ಕುಡಿಯಾಕೆ ಮುಂಚೆ ಒಸಿ ಒಳ್ಳೆ ಗಾಳಿ ಕುಡ್ಕಂಡ್ ಬರಾಣ ನಡಿ” ಎಂದಳು. ಊರಂಚಿನ ಚಂದ್ರವಳ್ಳಿ ಕೆರೆಗೆ ಹೋದೆವು. ಮೋಡ ಕವಿದಿತ್ತು. ವಾಕಿಂಗಿನವರು ಆಗಲೇ ವಾಪಸ್ ಹೊರಟಿದ್ದರು. ಕೆರೆಯ ನೀರು ಸೀಸದ ಬಣ್ಣಕ್ಕಿತ್ತು. ಮರಗಳ ಕೆಳಗೆ, ದೊಡ್ಡ ಬಂಡೆಗಳ ಸಂದಿನಲ್ಲಿ ಅಕ್ಕ ಒಂದು ಕಲ್ಲು ಹುಡುಕಿ ಕೂತಳು. ಬೆಳಕು ಎಷ್ಟು ಕಡಿಮೆಯೆಂದರೆ, ಕೈಯಲ್ಲಿ ಹಿಡಿದು ತೆಗೆಯಲು ಯಾರೂ ಆರಿಸಿಕೊಳ್ಳದ ಜಾಗ ಅದು.

ನಾನು ಎದುರಿನ ಬಂಡೆಗೆ ಬೆನ್ನು ಕೊಟ್ಟು ನಿಂತೆ. ಕಾಲು ಅಗಲ. ಮೊಣಕೈ ಪಕ್ಕೆಗೆ. ಬಂಡೆ ತಣ್ಣಗಿತ್ತು, ಗಟ್ಟಿಯಾಗಿತ್ತು.

ಅಕ್ಕ ಕ್ಯಾಮೆರಾ ಕಂಡದ್ದೇ ತುಟಿ ಮುಚ್ಚಿಕೊಂಡಳು.

“ನಗಕ್ಕ.”

“ನಗು ಅಂದ್ರೆ ನಗಾಕೆ ನಾನೇನು ನಲ್ಲೀನೇನೇ, ತಿರುವಿದ್ರೆ ಬರಾಕೆ?”

“ಹಂಗಾದ್ರೆ ಕೋಳಿ ಅಜ್ಜಿ ಕತೆ ಹೇಳು.”

ಅವಳ ಕಣ್ಣು ಆಗಲೇ ಸಣ್ಣಗಾದವು. ಇದು ಅವಳ ಬಸ್ಸಿನಲ್ಲೇ ನಡೆದದ್ದು. ಒಬ್ಬ ಅಜ್ಜಿ ಸೆರಗಿನೊಳಗೆ ಕೋಳಿ ಮುಚ್ಚಿಟ್ಟುಕೊಂಡು ಬಸ್ಸು ಹತ್ತಿದ್ದಳು. ಹೆಂಗಸರಿಗೆ ಟಿಕೆಟ್ ಫ್ರೀ, ಸರಿ. ಕೋಳಿಗೆ ಫ್ರೀ ಇಲ್ಲವಲ್ಲ! ಸೆರಗಿನೊಳಗಿಂದ ಕೊಕ್ಕೊಕ್ ಎಂದಿತು.

“‘ಏನಜ್ಜಿ ಅದು ಸದ್ದು?’ ಅಂದೆ ಕಣೇ,” ಎಂದು ಅಕ್ಕ ಶುರುಮಾಡಿದಳು. “‘ಬೆಳಗಿಂದ ಏನೂ ತಿಂದಿಲ್ಲ ಕಣವ್ವಾ, ಹೊಟ್ಟೆ ಕೂಗ್ತೈತೆ’ ಅಂತು ಮುದುಕಿ. ಪಾಪ ಅಂತ ನಾನೂ ಮುಂದಕ್ಕೋದೆ. ಹೊಳಲ್ಕೆರೇಲಿ ಇಳೀವಾಗ ನೋಡ್ತೀನಿ, ಸೀಟಿನ ಮ್ಯಾಲೆ...”

ನಾನು ಉಸಿರು ತೆಗೆದುಕೊಂಡೆ.

“ಸೀಟಿನ ಮ್ಯಾಲೆ ಮೊಟ್ಟೆ! ‘ಅಜ್ಜೀ, ನಿನ್ ಹೊಟ್ಟೆ ಮೊಟ್ಟೆ ಇಕ್ಕೈತೆ, ತಗಂಡ್ ಹೋಗು!’ ಅಂದೆ ನೋಡು...”

ಅಕ್ಕ ನಕ್ಕಳು. ತಲೆ ಹಿಂದಕ್ಕೆ ಹೋಯಿತು, ಕಣ್ಣು ಮುಚ್ಚಿದವು, ಬಾಯಿ ಪೂರ್ತಿ ತೆರೆಯಿತು. ನನಗೂ ನಗು ಬಂತು. ತಡೆಯಲಿಲ್ಲ. ಉಸಿರಿನ ಜೊತೆ ಅದನ್ನೂ ಮೂಗಿನಿಂದ ನಿಧಾನವಾಗಿ ಹೊರಗೆ ಬಿಡುತ್ತಾ ಹೋದೆ. ಬಿಟ್ಟಾಯಿತು. ಇನ್ನೂ ತೆಗೆದುಕೊಂಡಿಲ್ಲ. ಆ ಜಾಗ ಬಂತು. ಮೈ ಬಂಡೆಯ ಜೊತೆ ಬಂಡೆಯಾಗಿತ್ತು. ಮೆತ್ತಗೆ ಒತ್ತಿದೆ.

ಆಮೇಲೆ ನಾನೂ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕ ನೋವಿಗೆ ಅಕ್ಕ ಕೆನ್ನೆಗೆ ಕೈಯಿಟ್ಟುಕೊಂಡಿದ್ದಳು. ಕಣ್ಣಲ್ಲಿ ನೀರು. ಆದರೂ ನಗು ನಿಂತಿರಲಿಲ್ಲ.

ಪರದೆಯ ಮೇಲೆ ನೋಡಿದೆವು. ಒಂದೊಂದು ಹಲ್ಲೂ ಕಾಣುತ್ತಿತ್ತು. ಎಲೆ ಅಡಿಕೆಯ ಕೆಂಪು ಕಲೆ, ಉಬ್ಬಿದ ಮುಂದಿನ ಹಲ್ಲು, ಕಣ್ಣಂಚಿನ ಗೆರೆಗಳು, ಗಾಳಿಗೆ ಹಾರಿದ ಒಂದು ಬಿಳಿಕೂದಲು. ಎಲ್ಲ ಸ್ಪಷ್ಟ. ಅಕ್ಕ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

“ಇಷ್ಟು ಚಂದಾಗಿ ನಗ್ತೀನೇನೇ ನಾನು?”

“ಹೂಂನಕ್ಕ.”

“ಮತ್ತೆ ಅವ್ವ ಯಾಕೆ ಬಾಯಿ ಮುಚ್ಸಿದ್ಳು?”

ಇದಕ್ಕೆ ಉತ್ತರ ನಿಮಗೇನಾದರೂ ಗೊತ್ತೇ? ಅಮ್ಮನದೂ ಬಾಯಿ ಬಿಟ್ಟು ನಕ್ಕ ಫೋಟೊ ಒಂದೂ ಇಲ್ಲ. ಅವಳ ಬಾಯಿ ಯಾರು ಮುಚ್ಚಿಸಿದ್ದರೋ!

ಆ ಫೋಟೊ ಅಕ್ಕನ ಫೋನಿಗೆ ಹೋಯಿತು. ಮಂಗಳವಾರ ಬೆಳಿಗ್ಗೆ ಸರ್ಜನ್ ರೌಂಡ್ಸಿಗೆ ಬಂದಾಗ ಅವಳು ಅದನ್ನು ಅವರ ಮುಂದೆ ಹಿಡಿದಳು.

“ಸಾರ್, ಇದು ನಾನು. ಹೊಲಿಯಾವಾಗ ಒಂದ್ಸಲ ಇದನ್ನ ನೋಡ್ಕಂಡು ಹೊಲೀರಿ.”

ಸರ್ಜನ್ ಫೋನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ನೋಡಿದರು. “ಪೂರ್ತಿ ಹೀಗೇ ಬರಲ್ಲಮ್ಮ, ಸುಳ್ಳು ಹೇಳಲ್ಲ. ಆದರೆ ಇದನ್ನ ನನಗೂ ಕಳಿಸಿ” ಎಂದರು. ಕೇಸ್ ಶೀಟಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಒಂದು ಕೆನ್ನೆ, ಒಂದು ದವಡೆ. ಈಗ ಅವರಿಗೆ ಒಬ್ಬಳು ಗಂಗಕ್ಕ ಸಿಕ್ಕಿದ್ದಳು ಎಂದು ನನಗನ್ನಿಸಿತು.

ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ಸ್ಟ್ರೆಚರ್ ನಿಂತಿತು. ಅಷ್ಟು ಹೊತ್ತು ವಾರ್ಡಿನವರನ್ನೆಲ್ಲ ಮಾತಾಡಿಸಿಕೊಂಡು ಬಂದ ಅಕ್ಕ ಅಲ್ಲಿ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. ಎದೆ ಏರಿಳಿಯುತ್ತಿತ್ತು. “ಶಾರೀ, ಉಸ್ರೇ ಸಿಕ್ತಿಲ್ಲ ಕಣೇ.”

ಏನು ಹೇಳಬೇಕು ಅಂಥ ಹೊತ್ತಿನಲ್ಲಿ? ಧೈರ್ಯ ತಂದುಕೋ ಅಂತಲೇ? ಧೈರ್ಯ ಎಲ್ಲಿಂದ ತರುವುದು? ನಾನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದೆ. “ಹಿಡೀಬೇಡಕ್ಕ. ಬಿಡು. ನನ್ ಜೊತೆ ಬಿಡು. ನಿಧಾನಕ್ಕೆ.”

ಇಬ್ಬರೂ ಬಿಟ್ಟೆವು. ಮತ್ತೆ ತೆಗೆದುಕೊಂಡೆವು, ಮತ್ತೆ ಬಿಟ್ಟೆವು. ಅವಳ ಹಿಡಿತ ಸಡಿಲವಾಯಿತು. ಬಿಟ್ಟ ಉಸಿರಿನ ಕೊನೆಯಲ್ಲಿ, ಆ ಸುಮ್ಮನಿರುವ ಜಾಗದಲ್ಲಿ, ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಕ್ಲಿಕ್.”

ಸ್ಟ್ರೆಚರ್ ಒಳಗೆ ಹೋಯಿತು.

ಕಾದೆವು. ಆಸ್ಪತ್ರೆಯ ಬೆಂಚಿನ ಮೇಲೆ ಭಾವ ಜಪ ಮಾಡುವವರಂತೆ ಟವೆಲ್ಲಿನ ಅಂಚು ತಿರುಚುತ್ತಿದ್ದರು. ನಾನು ಆಗಾಗ ನೆನಪು ಮಾಡಿಕೊಂಡು ಉಸಿರು ಬಿಡುತ್ತಿದ್ದೆ. ಸಂಜೆಯ ಹೊತ್ತಿಗೆ ಸರ್ಜನ್ ಹೊರಗೆ ಬಂದು ಮಾಸ್ಕ್ ಕೆಳಗಿಳಿಸಿದರು. ಚೆನ್ನಾಗಿ ಆಯಿತು ಎಂದರು. ಕೆಲವು ದಿನಗಳ ನಂತರ ಬಂದ ಇನ್ನೊಂದು ರಿಪೋರ್ಟ್, ಕೊಯ್ದ ಜಾಗದ ಅಂಚಿನಲ್ಲಿ ರೋಗ ಉಳಿದಿಲ್ಲ ಎಂದಿತು. ಆ ದಿನ ಡಾಕ್ಟರು ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿ ಹೋದರು. ಅಷ್ಟು ಒಳ್ಳೆಯ ಸುದ್ದಿ!

ಆಮೇಲಿನದು ಹೂವಿನ ಹಾದಿಯೇನಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ. ಸನ್ನೆಯಲ್ಲಿ ಮಾತು. (ಅಕ್ಕ ಸುಮ್ಮನಿದ್ದ ದಿನಗಳಲ್ಲಿ ಭಾವ ಗಿರಣಿಯನ್ನೂ ನಿಲ್ಲಿಸಿದ್ದರು. ಸದ್ದು ಮಾಡಲು ಮನಸ್ಸಾಗಲಿಲ್ಲವಂತೆ.) ರೇಡಿಯೇಷನ್. ಬಾಯಿ ತೆರೆಯುವ ವ್ಯಾಯಾಮಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ವಾರಕ್ಕೆ ಒಂದು ಕಡ್ಡಿ ಹೆಚ್ಚಾದರೆ ಅವತ್ತು ಹಬ್ಬ. ಒಂದು ವಾರ ಹೆಚ್ಚಾಗಲಿಲ್ಲ. ಅಕ್ಕ ಕಡ್ಡಿಗಳನ್ನೆಲ್ಲ ಅಂಗಳಕ್ಕೆ ಎಸೆದಳು. ಮಾರನೇ ದಿನ ತಾನೇ ಹೋಗಿ ಆರಿಸಿ ತಂದು ತೊಳೆದಿಟ್ಟಳು.

ಕನ್ನಡಿ ನೋಡಿಕೊಳ್ಳಲು ಅವಳು ಬಹಳ ದಿನ ಒಪ್ಪಲಿಲ್ಲ. ನೋಡಿಕೊಂಡ ದಿನ ನನಗೆ ಫೋನು ಮಾಡಿದಳು. ಮಾತು ಸ್ವಲ್ಪ ತೊದಲು, ಆದರೆ ದನಿ ಅದೇ. “ಎಡಗಡೆ ಗ್ಯಾರೇಜಿಗೆ ಹೋಗ್ಬಂದ ಬಸ್ಸಿನಂಗೈತೆ ಕಣೇ. ಡೆಂಟು ತೆಗ್ದಿದಾರೆ, ಪೇಂಟು ಮ್ಯಾಚಾಗಿಲ್ಲ.”

ಕಳೆದ ವಾರ ಅವಳು ಡ್ಯೂಟಿಗೆ ಹಾಜರಾದಳು. ಆಫೀಸಿನಲ್ಲಿ ಕೂರುವ ಕೆಲಸ ಕೊಡುತ್ತೇವೆ ಎಂದರಂತೆ. ಬೇಡ, ಬಸ್ಸೇ ಬೇಕು ಎಂದಳಂತೆ. ಮೊದಲ ದಿನ ನಾನೂ ಹೋದೆ. ಹೊಸದುರ್ಗದಲ್ಲಿ ಹತ್ತಿ ಮುಂದಿನ ಸೀಟಿನಲ್ಲೇ ಕೂತೆ. ಕ್ಯಾಮೆರಾ ತೊಡೆಯ ಮೇಲಿತ್ತು. ಓಡುವ ಬಸ್ಸಿನಲ್ಲಿ ಯಾವ ಉಸಿರೂ ಕೈ ಹಿಡಿಯುವುದಿಲ್ಲ, ಗೊತ್ತು. ಆದರೂ ತಂದಿದ್ದೆ.

ಸೀಟಿ ಊದಲು ಅವಳಿಗೆ ಇನ್ನೂ ಆಗುವುದಿಲ್ಲ. ತುಟಿ ಕೂಡುವುದಿಲ್ಲ, ಗಾಳಿ ಎಡಗಡೆಯಿಂದ ಸೋರುತ್ತದೆ. ಅಂಗೈಯಿಂದ ಬಸ್ಸಿನ ತಗಡಿಗೆ ಎರಡೇಟು ಬಡಿದಳು. ಬಸ್ಸು ಹೊರಟಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ ತಲೆಯಾಡಿಸಿದರು.

ಜನ ನೋಡುತ್ತಿದ್ದರು. ನೋಡಿ ಕಣ್ಣು ತಪ್ಪಿಸುತ್ತಿದ್ದರು. ಟಿಕೆಟ್ ಇಸಿದುಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದರು. ಕೇಳುವುದಕ್ಕಿಂತ ಹೀಗೆ ತಿರುಗುವುದೇ ಹೆಚ್ಚು ನೋಯಿಸುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಅಕ್ಕ ಮಾತ್ರ ಕಂಬಿ ಹಿಡಿಯದೆ, ಕಾಲು ಅಗಲಿಸಿ, ಸೀಟಿನ ಅಂಚಿಗೆ ಸೊಂಟ ಕೊಟ್ಟು ಟಿಕೆಟ್ ಹರಿಯುತ್ತ ಬಂದಳು.

ನನ್ನ ಹಿಂದಿನ ಸೀಟಿನಲ್ಲಿ ಬಾಗೂರಿನ ಹೆಂಗಸೊಬ್ಬರು, ದೊಡ್ಡ ಚೀಲ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಚಾಚಿದರು. ಚಾಚಿದವರು ಅಕ್ಕನ ಮುಖ ನೋಡಿ ಕೈ ಹಾಗೇ ನಿಲ್ಲಿಸಿದರು. ಇಡೀ ಬಸ್ಸಿನಲ್ಲಿ ಕಣ್ಣು ತಪ್ಪಿಸದೆ ಕೇಳಿದವರು ಅವರೊಬ್ಬರೇ.

“ಅಯ್ಯೋ, ಮುಖಕ್ಕೇನಾತವ್ವಾ ನಿಂಗೆ?”

ಅಕ್ಕ ಕಾರ್ಡು ಇಸಿದುಕೊಂಡಳು. ಅದರಲ್ಲಿದ್ದ ಫೋಟೊ ನೋಡಿದಳು. ಅವರನ್ನು ನೋಡಿದಳು. ಮತ್ತೆ ಫೋಟೊ ನೋಡಿದಳು. ಆಮೇಲೆ ಹಿಂದಿನ ಸೀಟಿನವರಿಗೂ ಕೇಳುವ ಆ ಹಳೇ ದನಿಯಲ್ಲಿ ಹೇಳಿದಳು:

“ನಾನೂ ಅದನ್ನೇ ಕೇಳಾಣ ಅಂತಿದ್ದೆ ಕಣ್ರಿ. ಈ ಆಧಾರ್‌ನಾಗೆ ನಿಮ್ಮ ಮುಖಕ್ಕೇನಾಗೈತ್ರಿ?”